ಮೊದಲ ಸಿಟ್ಟಿಂಗ್‌ಗೇ ನೋವು ಹೋಯ್ತು. ಉಳಿದ ರೂಟ್ ಕೆನಾಲ್ ಮಾಡಿಸಲೇಬೇಕಾ? ಕ್ಯಾಪ್ ಬೇಕೇ ಬೇಕಾ?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ 58 ವರ್ಷ. ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆಂದು ದಿನಾ ಆಸ್ಪಿರಿನ್ 75 ನುಂಗುತ್ತಾರೆ. ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲು ಹುಳುಕಾಗಿತ್ತು. ತಣ್ಣೀರು ತಾಗಿದರೆ ಶುರುವಾದ ನೋವು ಎರಡು ನಿಮಿಷವಾದರೂ ಇಳಿಯುತ್ತಿರಲಿಲ್ಲ, ರಾತ್ರಿ ಮಲಗಿದರೆ ಇನ್ನೂ ಜಾಸ್ತಿ. ಎಕ್ಸ್‌ರೇ ನೋಡಿ ರೂಟ್ ಕೆನಾಲ್ ಅಂದರು. ಮೊದಲ ದಿನ ಹಲ್ಲು ತೆರೆದು, ಒಳಗೆ ಔಷಧಿ ಇಟ್ಟು, ಮೇಲೆ ತಾತ್ಕಾಲಿಕ ಸಿಮೆಂಟು ಹಾಕಿ ಕಳಿಸಿದ್ದಾರೆ. ಇವತ್ತಿಗೆ 10 ದಿನ. ನೋವು ಪೂರ್ತಿ ಹೋಗಿದೆ. ಇನ್ನೂ ಎರಡು ಸಲ ಬರಬೇಕು, ಆಮೇಲೆ ಕ್ಯಾಪ್, ಅದಕ್ಕೆ ಬೇರೆ ದುಡ್ಡು ಅಂತಾರೆ. "ನೋವೇ ಇಲ್ಲ ಅಂದ ಮೇಲೆ ಮತ್ಯಾಕೆ?" ಅನ್ನುವುದು ಅಮ್ಮನ ವಾದ. ಸೋದರಮಾವ ಕೀಳಿಸಿಬಿಡಿ ಅಂತಾರೆ. ತಿಳಿದವರು ದಯವಿಟ್ಟು ಹೇಳಿ.

ಕಾಫಿಪುಡಿ:
ಮಾಡಿಸಲೇಬೇಕು. ಈಗ ಬಿಟ್ಟರೆ ಇವತ್ತಲ್ಲ ನಾಳೆ ಕೀವು ತುಂಬಿಕೊಂಡು ಅದೇ ಕುರ್ಚಿಗೆ ವಾಪಸ್.

ಬೇರುನಾಳ:
ನೋವು ಯಾಕೆ ಹೋಯಿತು ಅನ್ನುವುದನ್ನು ಮೊದಲು ಅಮ್ಮನಿಗೆ ಹೇಳಿ, ಉಳಿದದ್ದು ಅವರಿಗೇ ಅರ್ಥವಾಗುತ್ತದೆ. ಹಲ್ಲಿನ ನಡುವೆ ರಕ್ತನಾಳ, ನರ ಎರಡೂ ಇರುವ ಮೆತ್ತನೆಯ ತಿರುಳಿದೆ. ಕೈಗೆ ಪೆಟ್ಟಾದರೆ ಊದಿಕೊಳ್ಳಲು ಜಾಗ ಇರುತ್ತದೆ. ತಿರುಳಿನ ಸುತ್ತ ಗಟ್ಟಿ ಗೋಡೆ. ಊದಿದ್ದು ಒಳಗೇ ಒತ್ತುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರುವುದರಿಂದ ರಾತ್ರಿ ನೋವು ಹೆಚ್ಚು. ಮೊದಲ ದಿನ ಹಲ್ಲು ಕೊರೆದ ಕೂಡಲೇ ಆ ಒತ್ತಡ ಇಳಿಯಿತು, ಕೆರಳಿದ ತಿರುಳೂ ಹೊರಗೆ ಬಂತು. ಅದಕ್ಕೇ ಆರಾಮ.

ಆದರೆ ಈಗ ಆ ಹಲ್ಲಿನೊಳಗೆ ಏನಿದೆ? ಖಾಲಿ ನಾಳಗಳು. ಕೆಳಗಿನ ಮೊದಲ ದವಡೆ ಹಲ್ಲಿಗೆ ಬೇರು ಎರಡೇ ಆದರೂ ನಾಳ ಸಾಮಾನ್ಯವಾಗಿ ಮೂರು, ಕೆಲವರಲ್ಲಿ ನಾಲ್ಕು. ರಕ್ತ ಹರಿಯದ ಜಾಗ ಅಂದರೆ ದೇಹದ ಕಾವಲು ಅಲ್ಲಿಗೆ ತಲುಪುವುದಿಲ್ಲ. ಮೇಲಿರುವ ಬಿಳಿ ತಾತ್ಕಾಲಿಕ ಸಿಮೆಂಟು ಎರಡು ಮೂರು ವಾರಕ್ಕೆಂದೇ ಮಾಡಿದ ವಸ್ತು. ಕನಿಷ್ಠ 3.5 ಮಿ.ಮೀ. ದಪ್ಪ ಇಲ್ಲದಿದ್ದರೆ ಅಷ್ಟೂ ತಡೆಯುವುದಿಲ್ಲ. ಅದು ಸವೆದು ಎಂಜಲು ಒಳಗೆ ಇಳಿದರೆ ಬ್ಯಾಕ್ಟೀರಿಯಾಗಳಿಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಒಳಗೆ ನರ ಇಲ್ಲದ್ದರಿಂದ ಈ ಸಲ ಎಚ್ಚರಿಸಲು ನೋವು ಬರದೆಯೂ ಇರಬಹುದು. ಬೇರಿನ ತುದಿಯ ಮೂಳೆ ಕರಗುತ್ತಾ ಹೋಗಿ, ಒಂದು ದಿನ ಕೆನ್ನೆ ಊದಿದಾಗಲೇ ಗೊತ್ತಾಗುವುದು. 10 ದಿನ ಆಗಿದೆ ಅಂದಿರಿ, ಈ ವಾರವೇ ಹೋಗಿ.

ಎಲೆಅಡಿಕೆ:
ಅಷ್ಟು ಹೆದರಿಸಬೇಡಿ. ಮತ್ತೆ ನೋವು ಬಂದರೆ 5 ದಿನ ಅಮಾಕ್ಸಿಸಿಲಿನ್ ತಗೊಂಡ್ರೆ ಇನ್ಫೆಕ್ಷನ್ ಇಳಿಯುತ್ತೆ. ಹಳ್ಳಿ ಕಡೆ ಎಲ್ಲರೂ ಹೀಗೇ ಮಾಡೋದು.

ಔಷಧಂಗಡಿ:
ಎಲ್ಲರೂ ಮಾಡುವುದು ನಿಜ, ಕೌಂಟರಿನಲ್ಲಿ ದಿನಾ ಕಾಣುವ ತಪ್ಪು ಇದು. ಮಾತ್ರೆ ಹಲ್ಲಿಗೆ ಹೋಗುವುದು ರಕ್ತದ ಮೂಲಕ. ತಿರುಳೇ ಸತ್ತಿರುವ, ಇಲ್ಲವೇ ತೆಗೆದುಹಾಕಿರುವ ನಾಳಕ್ಕೆ ರಕ್ತ ಎಲ್ಲಿಂದ ಬರಬೇಕು? ಇನ್ನು ತಿರುಳು ಬದುಕಿದ್ದು ಉರಿಯೂತ ಇರುವಾಗ ಬರುವ ನೋವಿಗೂ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಅದು ಬೇಕಾಗುವುದು ಜ್ವರ ಬಂದಾಗ, ಬಾವು ಕೆನ್ನೆ ಕುತ್ತಿಗೆ ಕಡೆ ಹರಡುವಾಗ. ಆಗಲೂ ಕೀವು ಹೊರಗೆ ಹೋಗುವ ದಾರಿ ಮಾಡಬೇಕು, ಮಾತ್ರೆ ಅದರ ಜೊತೆಗಷ್ಟೇ.

ಸುಣ್ಣದಗೂಡು:
ನೋವಿಗೆ ಐಬುಪ್ರೊಫೆನ್ 400, ಜೊತೆಗೆ ಪ್ಯಾರಾಸಿಟಮಾಲ್ 500. ಹಲ್ಲುನೋವಿಗೆ ಇವೆರಡು ಸೇರಿದರೆ ಯಾವ ಒಂದೇ ಮಾತ್ರೆಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತೆ.

ಔಷಧಂಗಡಿ:
@ಸುಣ್ಣದಗೂಡು, ಆರೋಗ್ಯವಂತರಿಗೆ ಸರಿ. ಈ ಅಮ್ಮನಿಗೆ ಬೇಡ. ಐಬುಪ್ರೊಫೆನ್ ಆಸ್ಪಿರಿನ್ನಿನ ರಕ್ತ ಹೆಪ್ಪುಗಟ್ಟದಂತೆ ಕಾಯುವ ಕೆಲಸಕ್ಕೆ ಅಡ್ಡ ಬರಬಹುದು, ಎರಡೂ ಸೇರಿ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿಯ ಯೋಚನೆ ಬೇರೆ. ಲಿವರ್ ತೊಂದರೆ ಇಲ್ಲದಿದ್ದರೆ ಪ್ಯಾರಾಸಿಟಮಾಲ್ 650, ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ದಾಟಬಾರದು. ಅಷ್ಟಕ್ಕೂ ಇಳಿಯದಿದ್ದರೆ ಡಾಕ್ಟರನ್ನೇ ಕೇಳಿ.

ಸುಣ್ಣದಗೂಡು:
ಆಸ್ಪಿರಿನ್ ಸಾಲು ಗಮನಿಸಿರಲಿಲ್ಲ. ನೀವು ಹೇಳಿದ್ದೇ ಸರಿ.

ಬಯಲುಸೀಮೆ:
ಕಿತ್ತ ಹಾಕ್ಸಿದ್ರ ಒಂದ ದಿನದ ಕೆಲಸ್ರೀ. ಇದಕ್ಕ ನಾಕ್ ಸಲ ಓಡ್ಯಾಡಬೇಕು, ಮ್ಯಾಲ ಕ್ಯಾಪ್ ಖರ್ಚ್ ಬ್ಯಾರೆ. 58 ವಯಸ್ಸಿಗೆ ಒಂದ ಹಲ್ಲ ಹೋದ್ರ ಏನ್ ಕೊರತಿ ಆಕ್ಕೈತಿ? ಇನ್ನೂ 27 ಅದಾವ.

ಕಡಲತೀರ:
ಹಾಗಲ್ಲ ಮಾರಾಯ್ರೆ. ಒಂದು ಹಲ್ಲು ಅಂದರೆ ಒಂದೇ ಅಲ್ಲ. ಅದು ಹೋದರೆ ಮೇಲಿನ ಜೋಡಿ ಹಲ್ಲಿಗೆ ತಡೆ ಇಲ್ಲದೆ ಕೆಳಗೆ ಇಳಿಯುತ್ತದೆ, ಹಿಂದಿನದ್ದು ಖಾಲಿ ಜಾಗಕ್ಕೆ ವಾಲುತ್ತದೆ, ಸಂದಿಯಲ್ಲಿ ಅನ್ನ ಸಿಕ್ಕಿ ಅದೂ ಹುಳುಕು. ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕೃತಕ ಹಲ್ಲು, ಅಂದರೆ ಬ್ರಿಡ್ಜ್ ಹಾಕಿಸಬೇಕಾದರೆ ಆಚೀಚೆಯ ಎರಡು ಒಳ್ಳೆ ಹಲ್ಲನ್ನು ಸುತ್ತಲೂ ಅರೆಯಬೇಕು. ಮೂಳೆಗೆ ತಿರುಪು ಕೂರಿಸಿ ಹಲ್ಲು ಕಟ್ಟುವ ಇಂಪ್ಲಾಂಟಿಗೆ ರೂಟ್ ಕೆನಾಲ್, ಕ್ಯಾಪ್ ಎರಡೂ ಸೇರಿದ್ದಕ್ಕಿಂತ ಜಾಸ್ತಿ ಆಗುತ್ತದೆ. ಮತ್ತೆ ಅದು ಕೆಳಗಿನ ಮೊದಲ ದವಡೆ ಹಲ್ಲು. ಅಗಿಯುವ ಭಾರ ಹೆಚ್ಚು ಹೊರುವುದೇ ಅದು.

ಬೇರುನಾಳ:
ಬಯಲುಸೀಮೆಯವರ ಮಾತನ್ನೂ ಪೂರ್ತಿ ತಳ್ಳಿಹಾಕುವಂತಿಲ್ಲ. ಕೀಳುವುದೇ ಸರಿಯಾದ ದಾರಿ ಆಗಿರುವ ಹಲ್ಲುಗಳೂ ಇವೆ. ಬಿರುಕು ಬೇರಿನ ಉದ್ದಕ್ಕೂ ಇಳಿದಿದ್ದರೆ, ಹುಳುಕು ವಸಡು ದಾಟಿ ಮೂಳೆಯ ಮಟ್ಟಕ್ಕೆ ಹೋಗಿದ್ದರೆ, ವಸಡಿನ ರೋಗದಿಂದ ಹಲ್ಲು ಅಲ್ಲಾಡುತ್ತಿದ್ದರೆ ರೂಟ್ ಕೆನಾಲ್ ಮಾಡಿ ಪ್ರಯೋಜನ ಇಲ್ಲ. ಕ್ಯಾಪ್ ಹಿಡಿದು ನಿಲ್ಲಲು ವಸಡಿನ ಮೇಲೆ ಸುತ್ತಲೂ 1.5ರಿಂದ 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಅದು ಇದೆಯಾ ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ಬಯಲುಸೀಮೆ:
ಇದ ಮಾತ್ ಬೇಕಾಗಿತ್ತು ನೋಡ್ರಿ. ಹಲ್ಲ ಗಟ್ಟಿ ಉಳದಿದ್ರ ಉಳಿಸ್ಕೊಳ್ರಿ, ಇಲ್ಲಾಂದ್ರ ಸುಮ್ನ ರೊಕ್ಕ ಸುರೀಬ್ಯಾಡ್ರಿ.

ನೀಲಿಬಾಗಿಲು:
ಮುಂದಿನ ಎರಡು ಸಿಟ್ಟಿಂಗ್‌ನಲ್ಲಿ ನಿಜವಾಗಿ ಏನು ಮಾಡುತ್ತಾರೆ? ಯಾರಾದರೂ ಬಿಡಿಸಿ ಹೇಳಿ. ಬಾಯಿ ತೆರೆದು ಕೂತವರಿಗೆ ಏನೂ ಕಾಣುವುದಿಲ್ಲ.

ಬೇರುನಾಳ:
ಹೇಳುತ್ತೇನೆ. ಮರಗಟ್ಟುವ ಇಂಜೆಕ್ಷನ್ ಆದ ಮೇಲೆ ಆ ಒಂದು ಹಲ್ಲು ಮಾತ್ರ ಹೊರಗೆ ಇಣುಕುವಂತೆ ರಬ್ಬರ್ ಹಾಳೆಯೊಂದನ್ನು ಕ್ಲಿಪ್ಪಿನಿಂದ ಬಿಗಿಯುತ್ತಾರೆ. ರಬ್ಬರ್ ಡ್ಯಾಮ್ ಅಂತ ಹೆಸರು. ಎಂಜಲು ಒಳಗೆ ಹೋಗಬಾರದು, ನಾಳ ಉಜ್ಜುವ ಸೂಜಿಯಂಥ ಸಣ್ಣ ಫೈಲು ಜಾರಿ ಗಂಟಲಿಗೆ ಬೀಳಬಾರದು, ತೊಳೆಯುವ ದ್ರಾವಣ ನಾಲಿಗೆಗೆ ತಾಗಬಾರದು. ಮೂರಕ್ಕೂ ಅದೊಂದೇ ಉಪಾಯ.

ಆಮೇಲೆ ಉದ್ದ ಅಳೆಯುವುದು. ಇಡೀ ಕೆಲಸದ ಜೀವಾಳ ಇದು. ತುಟಿಗೆ ಒಂದು ಕೊಕ್ಕೆ ಸಿಕ್ಕಿಸಿ, ಅದರ ವೈರಿನ ಇನ್ನೊಂದು ತುದಿಯನ್ನು ಫೈಲಿಗೆ ತಾಗಿಸುತ್ತಾರೆ. ಫೈಲು ಬೇರಿನ ತುದಿ ಮುಟ್ಟುವ ಹೊತ್ತಿಗೆ ಯಂತ್ರ ಪೀಂ ಅನ್ನುತ್ತದೆ. ಹೆಸರು ಏಪೆಕ್ಸ್ ಲೊಕೇಟರ್, ವಿದ್ಯುತ್ ತಡೆ ಅಳೆದು ಹೇಳುವುದು. ಪೇಸ್‌ಮೇಕರ್ ಇದ್ದವರು ಮೊದಲೇ ತಿಳಿಸಬೇಕು. ಕೆಲಸ ನಿಲ್ಲಿಸಬೇಕಾದದ್ದು ತುದಿಗಿಂತ 0.5ರಿಂದ 1 ಮಿ.ಮೀ. ಒಳಗೆ. ಮುಂಚೆಯೇ ನಿಂತರೆ ಕೊಳೆ ಉಳಿಯುತ್ತದೆ, ದಾಟಿದರೆ ಆಚೆಯ ಮೂಳೆ ಕೆರಳುತ್ತದೆ.

ಮೊದಲು ಇಳಿಯುವ 10ನೇ ನಂಬರ್ ಫೈಲಿನ ತುದಿ 0.10 ಮಿ.ಮೀ., ಅಂದರೆ ತಲೆಗೂದಲಿನಷ್ಟು. ಆಮೇಲೆ 15, ಅದಾದ ಮೇಲೆ ಮೋಟಾರಿನ ನಿಕಲ್ ಟೈಟಾನಿಯಂ ಫೈಲುಗಳು, ಸಾಮಾನ್ಯವಾಗಿ 25ರವರೆಗೆ, ಅಗಲ ನಾಳವಿದ್ದರೆ ಇನ್ನೂ ಮುಂದಕ್ಕೆ. ಒಂದೊಂದು ಫೈಲಿನ ನಡುವೆಯೂ ಸೋಡಿಯಂ ಹೈಪೋಕ್ಲೋರೈಟ್ ಹಾಕಿ ತೊಳೆಯುತ್ತಾರೆ, ಸಾಮರ್ಥ್ಯ 3ರಿಂದ 5.25 ಶೇಕಡಾ. ಈಜುಕೊಳದಂಥ ವಾಸನೆ ಬರುವುದು ಅದರದ್ದೇ. ಫೈಲು ನಾಳದ ಎಲ್ಲಾ ಗೋಡೆಗಳನ್ನೂ ಮುಟ್ಟುವುದೇ ಇಲ್ಲ, ಮೂಲೆಮೂಲೆಯ ತಿರುಳನ್ನು ಕರಗಿಸುವುದು ಈ ದ್ರಾವಣ. ಕೊನೆಯಲ್ಲಿ 17 ಶೇಕಡಾ ಇಡಿಟಿಎ ಅನ್ನುವ ದ್ರಾವಣ ಒಂದು ನಿಮಿಷ, ಅರೆದಾಗ ಗೋಡೆಗೆ ಮೆತ್ತಿದ ಪುಡಿ ಬಿಡಿಸಲು. ಕೀವಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದೆರಡು ವಾರ ಬಿಡುತ್ತಾರೆ. ಆಮೇಲೆ ಕಾಗದದ ಕಡ್ಡಿಗಳಿಂದ ಒಣಗಿಸಿ, ಸಂದಿ ಮುಚ್ಚುವ ಸೀಲರ್ ಜೊತೆ ಗಟ್ಟಾ ಪರ್ಚಾ ಕಡ್ಡಿ ತುಂಬುವುದು. ಅದು ಮಲಯ ಕಡೆಯ ಒಂದು ಮರದ ಹಾಲಿನಿಂದ ಬಂದ ರಬ್ಬರಿನಂಥ ವಸ್ತು, ಆದರೆ ಕಡ್ಡಿಯಲ್ಲಿ ಹೆಚ್ಚಿನ ಪಾಲು ಜಿಂಕ್ ಆಕ್ಸೈಡೇ.

ಸುಣ್ಣದಗೂಡು:
ಹೈಪೋಕ್ಲೋರೈಟ್ ಬೇರಿನ ಆಚೆ ತಳ್ಳಿದರೆ ಅನಾಹುತ, ಅದನ್ನೂ ಹೇಳಿ. ತಟ್ಟನೆ ತಡೆಯಲಾಗದ ನೋವು, ನಿಮಿಷಗಳಲ್ಲಿ ಕೆನ್ನೆ ಊದಿ, ಚರ್ಮ ನೀಲಿಗಟ್ಟುತ್ತೆ. ಸೂಜಿಯನ್ನು ನಾಳದಲ್ಲಿ ಬಿಗಿಯಾಗಿ ಸಿಕ್ಕಿಸಿ ಜೋರಾಗಿ ಒತ್ತಿದರೆ ಹೀಗಾಗೋದು. ಪಕ್ಕದಲ್ಲಿ ತೂತಿರುವ ಸೂಜಿ, ಅಳೆದ ಉದ್ದಕ್ಕಿಂತ 2 ಮಿ.ಮೀ. ಮುಂಚೆಯೇ ನಿಲ್ಲಿಸಿ, ನಿಧಾನವಾಗಿ ಒತ್ತಬೇಕು. ಅಷ್ಟಿದ್ದರೆ ಸಾಕು.

ನೀಲಿಬಾಗಿಲು:
ಒಳಗೆ ಫೈಲು ಮುರಿಯುತ್ತೆ ಅಂತಾರಲ್ಲ, ಅದು ನಿಜವಾ?

ಬೇರುನಾಳ:
ಮುರಿಯುತ್ತದೆ. ಬಾಗಿದ ನಾಳದಲ್ಲಿ ತಿರುಗಿ ತಿರುಗಿ ಲೋಹ ದಣಿದರೆ, ಇಲ್ಲವೇ ತುದಿ ಸಿಕ್ಕಿಕೊಂಡು ಬುಡ ತಿರುಗುತ್ತಲೇ ಇದ್ದರೆ ತುಂಡಾಗುತ್ತದೆ. ಹಳೆ ಫೈಲನ್ನೇ ಮತ್ತೆ ಮತ್ತೆ ಬಳಸಿದರೆ ಸಂಭವ ಹೆಚ್ಚು. ತುಂಡು ಉಳಿದ ಮಾತ್ರಕ್ಕೆ ಹಲ್ಲು ಹೋಗುವುದಿಲ್ಲ. ಅಷ್ಟರಲ್ಲಿ ನಾಳ ಎಷ್ಟು ಶುದ್ಧವಾಗಿತ್ತು ಅನ್ನುವುದೇ ಲೆಕ್ಕ. ಕೆಲವೊಮ್ಮೆ ಸೂಕ್ಷ್ಮದರ್ಶಕ ಇಟ್ಟುಕೊಂಡು ತೆಗೆಯುತ್ತಾರೆ, ಕೆಲವೊಮ್ಮೆ ಪಕ್ಕದಿಂದ ದಾರಿ ಮಾಡಿಕೊಂಡು ಮುಂದೆ ಹೋಗುತ್ತಾರೆ. ಆದರೆ ಮುರಿದಿದೆ ಅಂತ ರೋಗಿಗೆ ಹೇಳಬೇಕು, ಎಕ್ಸ್‌ರೇ ಪ್ರತಿ ಕೊಡಬೇಕು.

ಕೆಂಡಸಂಪಿಗೆ:
ಇಂಜೆಕ್ಷನ್ ಕೊಟ್ಟರೂ ಕೆಳಗಿನ ದವಡೆ ಹಲ್ಲು ಮರಗಟ್ಟಲ್ಲ ಅನ್ನೋ ದೂರು ತುಂಬಾ ಕೇಳಿಬರುತ್ತೆ. ಯಾಕೆ?

ಸುಣ್ಣದಗೂಡು:
ಉರಿಯೂತ ಇರುವ ಜಾಗ ಆಮ್ಲೀಯ ಆಗಿರುತ್ತೆ. ಮರಗಟ್ಟಿಸುವ ಔಷಧಿ ಲಿಗ್ನೋಕೇನ್ ಆಮ್ಲದಲ್ಲಿ ನರದೊಳಗೆ ಸಲೀಸಾಗಿ ನುಗ್ಗಲ್ಲ. ಕೆರಳಿದ ನರವೂ ಸುಲಭಕ್ಕೆ ಸುಮ್ಮನಾಗಲ್ಲ. ಜೊತೆಗೆ ಕೆಳದವಡೆಯ ಹೊರಮೂಳೆ ದಪ್ಪ, ಹಲ್ಲಿನ ಪಕ್ಕದಲ್ಲೇ ಕೊಟ್ಟ ಔಷಧಿ ಒಳಗೆ ಇಳಿಯಲ್ಲ, ಹಿಂದೆ ನರದ ಬುಡಕ್ಕೇ ಕೊಡಬೇಕು. ತುಟಿ ಜೋಮು ಹಿಡಿದರೂ ಹಲ್ಲು ಜೋಮು ಹಿಡಿದಿದೆ ಅಂತಲ್ಲ. ಕೊರೆಯುವ ಮುಂಚೆ ತಣ್ಣಗಿನದು ಹಚ್ಚಿ ಪರೀಕ್ಷಿಸಬೇಕು. ನೋವಾದರೆ ಕೈ ಎತ್ತಿ ನಿಲ್ಲಿಸಿ ಅಂತ ಅಮ್ಮನಿಗೆ ಹೇಳಿಕೊಡಿ. ಆರ್ಟಿಕೇನ್ ಅನ್ನುವ ಇನ್ನೊಂದು ಮರಗಟ್ಟಿಸುವ ಔಷಧಿ ಇದೆ, ಹಲ್ಲಿನ ಸುತ್ತ ಕೊಡುವ ಹೆಚ್ಚುವರಿ ಇಂಜೆಕ್ಷನ್ ಇದೆ. ಸಹಿಸಿಕೊಂಡು ಕೂರಬೇಕಾಗಿಲ್ಲ.

ಎಲೆಅಡಿಕೆ:
ಕ್ಯಾಪ್ ವಿಷಯಕ್ಕೆ ಬನ್ನಿ. ನರ ತೆಗೆದ ಹಲ್ಲು ರಸ ಇಲ್ಲದೆ ಒಣಗಿ ಪೆಡಸಾಗುತ್ತೆ, ಅದಕ್ಕೇ ಕ್ಯಾಪ್ ಅಲ್ವಾ?

ಅಚ್ಚುಮೇಣ:
ಬಹಳ ಜನ ಹೇಳುವುದು ಹಾಗೇ, ಆದರೆ ಕಾರಣ ಅದಲ್ಲ. ತೇವಾಂಶದಲ್ಲಿ ಆಗುವ ವ್ಯತ್ಯಾಸ ಅತ್ಯಲ್ಪ. ಹಲ್ಲು ಸೀಳುವುದು ಗೋಡೆಗಳು ಕಡಿಮೆಯಾದ್ದರಿಂದ. ದವಡೆ ಹಲ್ಲಿನ ಮುಂದೆ ಹಿಂದೆ ಎರಡು ಅಂಚುದಿಣ್ಣೆ ಇರುತ್ತವೆ, ಪೆಟ್ಟಿಗೆಯ ಎರಡು ಬದಿ ಇದ್ದ ಹಾಗೆ. ಹುಳುಕು ಒಂದನ್ನು ತಿಂದಿರುತ್ತದೆ, ನಡುವೆ ಚಾವಣಿ ಕೊರೆದಿರುತ್ತದೆ. ಉಳಿಯುವುದು ಕೆನ್ನೆ ಕಡೆಗೊಂದು, ನಾಲಿಗೆ ಕಡೆಗೊಂದು ತೆಳು ಗೋಡೆ. ಕೋಡುಬಳೆಯೋ ಹುರಿಗಡಲೆಯೋ ನಡುವೆ ಸಿಕ್ಕಿದಾಗ ಅವೆರಡನ್ನೂ ಆಚೀಚೆ ತಳ್ಳುವ ಬೆಣೆಯಾಗುತ್ತದೆ. ಸೀಳು ವಸಡಿನ ಕೆಳಗೆ ಇಳಿದರೆ ಮುಗಿಯಿತು, ಎಷ್ಟೇ ಚೆನ್ನಾಗಿ ರೂಟ್ ಕೆನಾಲ್ ಆಗಿದ್ದರೂ ಕೀಳಬೇಕು. ಕ್ಯಾಪ್ ಅಂದರೆ ಬಂಡಿಚಕ್ರದ ಕಬ್ಬಿಣದ ಪಟ್ಟಿ. ಸುತ್ತಲೂ ಬಿಗಿದು ಹಿಡಿಯುವುದೇ ಅದರ ಕೆಲಸ.

ಮುಂದಿನ ಹಲ್ಲಿಗೆ ಈ ಭಾರ ಇಲ್ಲ. ಸಣ್ಣ ತೂತಾದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿದರೆ ಸಾಕು, ಎಲ್ಲದಕ್ಕೂ ಕ್ಯಾಪ್ ಬೇಕಿಲ್ಲ.

ಕಾಫಿಪುಡಿ:
ಯಾವ ಕ್ಯಾಪ್? ಜಿರ್ಕೋನಿಯಾ ಅನ್ನುವ ಬಿಳಿ ಸೆರಾಮಿಕ್ ಕ್ಯಾಪ್ ಅಂದರೆ ದುಡ್ಡು ಹೊಡೆಯುವ ದಾರಿ ಅಂತ ಕೆಲವರ ಅಭಿಪ್ರಾಯ.

ಅಚ್ಚುಮೇಣ:
ಹಾಗೇನಿಲ್ಲ, ಆದರೆ ಜಿರ್ಕೋನಿಯಾನೇ ಆಗಬೇಕು ಅಂತಲೂ ಇಲ್ಲ. ಹಿಂದಿನ ಹಲ್ಲಿಗೆ ಪೂರ್ತಿ ಲೋಹದ್ದು ತುಂಬಾ ಬಾಳುತ್ತದೆ, ಹಲ್ಲನ್ನೂ ಕಡಿಮೆ ಅರೆಯುತ್ತಾರೆ. ಬಣ್ಣ ಮಾತ್ರ ಬೆಳ್ಳಿ. ಲೋಹದ ಮೇಲೆ ಪಿಂಗಾಣಿ ಹಾಕಿದ್ದರಲ್ಲಿ ಪಿಂಗಾಣಿ ಚಕ್ಕೆ ಏಳುವ ಸಾಧ್ಯತೆ ಇದೆ. ಪೂರ್ತಿ ಜಿರ್ಕೋನಿಯಾ ಗಟ್ಟಿ, ಬಣ್ಣವೂ ಹೊಂದುತ್ತದೆ. ವಸ್ತುವಿಗಿಂತ ದೊಡ್ಡದು ಅಂಚು. ಲ್ಯಾಬಿಗೆ ಬರುವ ಅಳತೆ ಅಚ್ಚಿನಲ್ಲಿ ಹಲ್ಲಿನ ಅಂಚುಗೆರೆ ಎಲ್ಲಿ ಮುಗಿಯುತ್ತದೆ ಅಂತ ಕಾಣದಿದ್ದರೆ, ಒಂದು ಗಾಳಿಗುಳ್ಳೆ ಅಲ್ಲೇ ಕೂತಿದ್ದರೆ, ಟೆಕ್ನೀಷಿಯನ್ ಅಂದಾಜಿನಲ್ಲಿ ಮಾಡಬೇಕಾಗುತ್ತದೆ. ಅಂದಾಜಿನ ಕ್ಯಾಪಿನ ಕೆಳಗೆ ಸಂದಿ, ಸಂದಿಯಲ್ಲಿ ಹುಳುಕು. ಹಾಕಿದ ದಿನವೇ ಎರಡು ನೋಡಿ. ಪಕ್ಕದ ಹಲ್ಲಿನ ನಡುವೆ ಫ್ಲಾಸ್ ದಾರ ಟಕ್ ಅಂತ ಇಳಿಯಬೇಕು, ಸಲೀಸಾಗಿ ಜಾರಿದರೆ ಊಟ ಸಿಕ್ಕಿಕೊಳ್ಳುತ್ತದೆ. ಕಚ್ಚಿದಾಗ ಆ ಹಲ್ಲೇ ಮೊದಲು ತಾಗಿದರೆ ಎತ್ತರ ಆಗಿದೆ. ನೀಲಿ ಕಾಗದ ಇಟ್ಟು ಕಚ್ಚಿಸಿ, ಗುರುತು ಬಿದ್ದಲ್ಲಿ ಅರೆದು ಸರಿ ಮಾಡಿಸಿಕೊಳ್ಳಿ. "ಒಂದು ವಾರದಲ್ಲಿ ಸರಿಹೋಗುತ್ತೆ" ಅನ್ನುವ ಮಾತಿಗೆ ಎದ್ದು ಬರಬೇಡಿ.

ಹೊಂಗೆನೆರಳು:
ಸಕ್ಕರೆ, ಆಸ್ಪಿರಿನ್ ಎರಡರ ಬಗ್ಗೆ ಹೇಳುತ್ತೀರಾ? ಆಸ್ಪಿರಿನ್ ಐದು ದಿನ ನಿಲ್ಲಿಸಿ ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಔಷಧಂಗಡಿ:
ನಿಲ್ಲಿಸಬೇಡಿ! ರೂಟ್ ಕೆನಾಲ್‌ಗೆ ಅದರ ಅಗತ್ಯವೇ ಇಲ್ಲ. ಹಲ್ಲು ಕೀಳುವಾಗಲೂ ಒಂದೇ ಆಸ್ಪಿರಿನ್ ಆದರೆ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಹಲ್ಲಿನ ರಕ್ತ ಹತ್ತಿ ಒತ್ತಿದರೆ ನಿಲ್ಲುತ್ತದೆ, ಹೃದಯದ ರಕ್ತನಾಳದಲ್ಲಿ ಹೆಪ್ಪುಗಟ್ಟಿದರೆ ನಿಲ್ಲಿಸುವವರು ಯಾರು? ಹೃದಯದ ಡಾಕ್ಟರ್ ಹೇಳದೆ ಮುಟ್ಟಬೇಡಿ. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ಬೇರಿನ ತುದಿಯ ಮೂಳೆ ತುಂಬಿಕೊಳ್ಳುವುದು ನಿಧಾನ. ಮೂರು ತಿಂಗಳ ಸರಾಸರಿ, ಎಚ್‌ಬಿಎ1ಸಿ, ಎಷ್ಟಿದೆ ಅಂತ ದಂತವೈದ್ಯರಿಗೂ ತೋರಿಸಿ.

ತೊಟ್ಟಿಮನೆ:
ನರ ತೆಗೆದ ಹಲ್ಲಿನ ವಿಷ ಮೈಗೆಲ್ಲಾ ಹರಡಿ ಕ್ಯಾನ್ಸರ್ ಬರುತ್ತೆ ಅಂತ ವಾಟ್ಸಾಪ್‌ನಲ್ಲಿ ವಿಡಿಯೋ ಓಡಾಡ್ತಿದೆ. ಯಾರೂ ಆ ಬಗ್ಗೆ ಮಾತಾಡ್ತಿಲ್ಲ.

ಕಡಲತೀರ:
ಅದರ ಬೇರು ನೂರು ವರ್ಷ ಹಿಂದಿನದು. ವೆಸ್ಟನ್ ಪ್ರೈಸ್ ಅಂತ ಅಮೆರಿಕದ ದಂತವೈದ್ಯರು, ರೂಟ್ ಕೆನಾಲ್ ಆದ ಹಲ್ಲುಗಳನ್ನು ಮೊಲಗಳ ಚರ್ಮದಡಿ ಇಟ್ಟು, ಮೊಲಕ್ಕೆ ಬಂದ ಕಾಯಿಲೆಯನ್ನು ಹಲ್ಲಿನ ತಲೆಗೆ ಕಟ್ಟಿದರು. ಆ ನಂಬಿಕೆಯಲ್ಲಿ ಲೆಕ್ಕವಿಲ್ಲದಷ್ಟು ಒಳ್ಳೆ ಹಲ್ಲು ಕೀಳಿಸಿದರು. ಆ ಪ್ರಯೋಗಗಳು ಶುದ್ಧ ರೀತಿಯಲ್ಲಿ ನಡೆದಿರಲಿಲ್ಲ, ಆಮೇಲೆ ಎಚ್ಚರಿಕೆಯಿಂದ ಮಾಡಿದವರಿಗೆ ಆ ಫಲಿತಾಂಶ ಸಿಗಲಿಲ್ಲ. ಆ ವಿಡಿಯೋ ಮುಂದಕ್ಕೆ ಕಳಿಸಬೇಡಿ ದಯವಿಟ್ಟು.

ಕೆಂಡಸಂಪಿಗೆ:
ಹಾಗೇ ಜಾತ್ರೆಗಳಲ್ಲಿ "ಹಲ್ಲಿನ ಹುಳ ತೆಗೆಯುತ್ತೇವೆ" ಅಂತ ಕೂರುವವರ ಬಗ್ಗೆಯೂ ಹೇಳಿ. ಬದನೆ ಜಾತಿಯ ಕಾಡುಗಿಡದ ಬೀಜ ಕೆಂಡಕ್ಕೆ ಹಾಕಿ ಹೊಗೆ ಕೊಡುತ್ತಾರೆ. ಬಿಸಿಗೆ ಬೀಜ ಒಡೆದು ಒಳಗಿನ ಸುರುಳಿ ಮೊಳಕೆ ಬಿಳಿ ಹುಳದ ಹಾಗೆ ಬೀಳುತ್ತದೆ. ಹಲ್ಲಿನಲ್ಲಿ ಹುಳ ಇರುವುದೇ ಇಲ್ಲ. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಆಮ್ಲತೆಯ ಅಳತೆ ಪಿಎಚ್ 5.5ಕ್ಕಿಂತ ಇಳಿದಾಗ ಎನಾಮಲ್ ಕರಗುತ್ತದೆ, ಅಷ್ಟೇ.

ಕಾಫಿಪುಡಿ:
ಒಂದೇ ಸಲ ಎರಡು ಹೋಳಿಗೆ ತಿಂದರೆ ಆಮ್ಲದ ದಾಳಿ ಒಂದು ಸಲ. ಸಕ್ಕರೆ ಹಾಕಿದ ಕಾಫಿಯನ್ನು ದಿನಕ್ಕೆ ಆರು ಸಲ ಗುಟುಕರಿಸಿದರೆ ಆರು ಸಲ, ಪ್ರತಿ ಸಲವೂ ಅರ್ಧ ಗಂಟೆ. ಎಷ್ಟು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ.

ಪಾವಗಡದವ:
ನಮ್ಮ ಕಡೆ ಬೇರೆ ಸಮಸ್ಯೆ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನೋದು ಭಾರತದ ಮಾನದಂಡ. ಇಂಥ ಕಡೆ ಫ್ಲೋರೈಡ್ ಪೇಸ್ಟ್ ಹಾಕಬಹುದಾ?

ಸುಣ್ಣದಗೂಡು:
ಪಟ್ಟೆ ಬರುವುದು ಹಲ್ಲು ಮೂಳೆಯೊಳಗೆ ಬೆಳೆಯುವಾಗ ನುಂಗಿದ ಫ್ಲೋರೈಡಿನಿಂದ, ಮುಖ್ಯವಾಗಿ ಎಂಟು ವರ್ಷದೊಳಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಆರ್‌ಒ ಘಟಕದ ನೀರು, ಇಲ್ಲವೇ ಮಳೆನೀರು ಸಂಗ್ರಹಿಸಿ ಅಡುಗೆಗೂ ಕುಡಿಯಲೂ ಬಳಸಿ. ದೊಡ್ಡವರು ಪೇಸ್ಟ್ ಉಗುಳುತ್ತಾರೆ, ಹಾಗಾಗಿ ಹೆದರಿಕೆ ಇಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಅನ್ನುವುದು ಸಾಮಾನ್ಯ ಲೆಕ್ಕ. ನಿಮ್ಮ ಕಡೆಯ ಪುಟ್ಟ ಮಕ್ಕಳಿಗೆ ಹಲ್ಲಿನ ಡಾಕ್ಟರನ್ನು ಕೇಳಿಯೇ ಕೊಡಿ.

ಕೆಂಡಸಂಪಿಗೆ:
ಮಕ್ಕಳ ವಿಷಯ ಬಂತು, ಇದನ್ನೂ ಓದಿ. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ ಹಿಂದುಗಡೆ ಹೊಸದಾಗಿ ಬರುವ ದವಡೆ ಹಲ್ಲು ಶಾಶ್ವತದ್ದು. ಹಾಲುಹಲ್ಲು ಅಂದುಕೊಂಡು ಹುಳುಕಾಗಲು ಬಿಡುವವರೇ ಜಾಸ್ತಿ. ಈ ಅಮ್ಮನಿಗೆ ಕೆಟ್ಟಿರುವುದೂ ಅದೇ ಹಲ್ಲು.

ತೊಟ್ಟಿಮನೆ:
ಇದ್ದಿಲು, ಉಪ್ಪು ಹಾಕಿ ಬೆರಳಲ್ಲಿ ಉಜ್ಜಿದ ಹಿರಿಯರ ಹಲ್ಲು ಗಟ್ಟಿ ಇರಲಿಲ್ವಾ?

ಬೇರುನಾಳ:
ಅವರ ಊಟದಲ್ಲಿ ಸಕ್ಕರೆ, ಬಿಸ್ಕತ್ತು ಕಡಿಮೆ ಇತ್ತು. ಇದ್ದಿಲು, ಇಟ್ಟಿಗೆಪುಡಿ ಉಜ್ಜಿದವರ ಹಲ್ಲಿನ ಬುಡದಲ್ಲಿ ಅಡ್ಡಕ್ಕೆ ಸವೆದ ಗುಳಿ ಬೀಳುತ್ತದೆ, ಆಳವಾದರೆ ಅದೂ ನರ ಮುಟ್ಟುತ್ತದೆ. ಮೆತ್ತನೆ ಬ್ರಶ್ಶು, ವಸಡಿನ ಗೆರೆಗೆ 45 ಡಿಗ್ರಿ ಓರೆ, ಎರಡು ನಿಮಿಷ, ರಾತ್ರಿ ಮಲಗುವ ಮುಂಚೆ ತಪ್ಪಿಸಬೇಡಿ. ನೊರೆ ಉಗುಳಿದ ಮೇಲೆ ನೀರಲ್ಲಿ ಮುಕ್ಕಳಿಸದೆ ಬಿಟ್ಟರೆ ಫ್ಲೋರೈಡ್ ಹಲ್ಲಿಗೆ ಅಂಟಿ ಉಳಿಯುತ್ತದೆ. ಕ್ಯಾಪ್ ಹಾಕಿದ ಹಲ್ಲಿಗೂ ಇದೆಲ್ಲಾ ಬೇಕು. ಕ್ಯಾಪಿಗೆ ಹುಳುಕು ಬರಲ್ಲ, ಅದರ ಅಂಚಿನ ಹಲ್ಲಿಗೆ ಬರುತ್ತದೆ. ಮತ್ತೆ @ಎಲೆಅಡಿಕೆ ಅವರೇ, ನಿಮ್ಮ ಹೆಸರು ನೋಡಿ ಹೇಳುತ್ತಿದ್ದೇನೆ, ಗೋಟಡಿಕೆ ಕಡಿಯುವುದು ಹಲ್ಲು ಸವೆಸಿ ಬಿರುಕು ಬಿಡಿಸುತ್ತದೆ. ಬಾಯಿ ಕ್ಯಾನ್ಸರಿನ ಅಪಾಯ ಬರೀ ಹೊಗೆಸೊಪ್ಪಿನದಲ್ಲ, ಅಡಿಕೆಯದ್ದೂ ಇದೆ.

ಎಲೆಅಡಿಕೆ:
ಗೊತ್ತಾಯ್ತು ಸರ್. ಮಾತ್ರೆ ವಿಷಯದಲ್ಲೂ ತಪ್ಪು ಹೇಳಿದ್ದೆ, ಒಪ್ಪಿಕೊಂಡೆ.

ಬಯಲುಸೀಮೆ:
ಖರ್ಚಿನ ಚಿಂತಿ ಇದ್ರ ದಂತ ಕಾಲೇಜಿಗೆ ಹೋಗ್ರಿ. ಬೆಂಗಳೂರಾಗ ಸರ್ಕಾರಿ ದಂತ ಕಾಲೇಜ್ ಐತಿ, ಧಾರವಾಡ, ಬೆಳಗಾವಿ, ದಾವಣಗೆರಿ, ಮಂಗಳೂರಾಗೂ ಕಾಲೇಜ್ ಅದಾವ. ರೂಟ್ ಕೆನಾಲ್ ಮಾಡೋ ಎಂಡೋಡಾಂಟಿಕ್ಸ್ ವಿಭಾಗ ಅಂತ ಕೇಳ್ರಿ. ಪಿಜಿ ಓದೋವ್ರು ಪ್ರೊಫೆಸರ್ ಮುಂದ ಮಾಡ್ತಾರ. ಸಿಟ್ಟಿಂಗ್ ಹೆಚ್ಚ ಆಗ್ತಾವು, ರೊಕ್ಕ ಕಡಿಮಿ.

ಹೊಂಗೆನೆರಳು:
ಎಲ್ಲರಿಗೂ ತುಂಬಾ ಧನ್ಯವಾದ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ, ಒಪ್ಪಿದ್ದಾರೆ. ಗುರುವಾರ ಬೆಳಿಗ್ಗೆ 10ಕ್ಕೆ ಸಮಯ ಸಿಕ್ಕಿದೆ. ಹಲ್ಲು ಕ್ಯಾಪಿಗೆ ಸಾಲುವಷ್ಟು ಉಳಿದಿದೆಯಾ, ರಬ್ಬರ್ ಡ್ಯಾಮ್ ಹಾಕುತ್ತೀರಾ, ತುಂಬಿದ ಮೇಲೆ ಎಕ್ಸ್‌ರೇ ತೋರಿಸುತ್ತೀರಾ, ಕ್ಯಾಪ್ ಯಾವಾಗ, ಇಷ್ಟು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಅಲ್ಲಿಯವರೆಗೆ ಬಲಗಡೆಯಲ್ಲೇ ಅಗಿಯಲು ಹೇಳಿದ್ದೇನೆ.

ಬೇರುನಾಳ:
ಚೀಟಿ ಸರಿಯಾಗಿದೆ. ತುಂಬಿದ ಮೇಲೆ ಎರಡು ಮೂರು ದಿನ ಕಚ್ಚಿದರೆ ನೋವಿರುವುದು ಸಹಜ. ದಿನದಿಂದ ದಿನಕ್ಕೆ ಇಳಿಯಬೇಕು, ಏರಿದರೆ ಫೋನ್ ಮಾಡಿ. ಗದ್ದದ ಕೆಳಗೆ ಬಾವು ಬಂದು ನುಂಗಲು ಕಷ್ಟ, ಬಾಯಿ ತೆರೆಯಲು ಕಷ್ಟ, ಉಸಿರಿಗೆ ಕಷ್ಟ ಅಂದರೆ ಕ್ಲಿನಿಕ್ಕಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ. ಕ್ಯಾಪ್ ತಿಂಗಳೊಳಗೆ ಆಗಲಿ. ಆರು ತಿಂಗಳು, ಒಂದು ವರ್ಷಕ್ಕೆ ಒಂದೊಂದು ಎಕ್ಸ್‌ರೇ ತೆಗೆಸಿ ಬೇರಿನ ತುದಿ ನೋಡಿಸಿ.

ಔಷಧಂಗಡಿ:
ಗುರುವಾರ ಅಮ್ಮ ತಿಂಡಿ ತಿಂದು, ಸಕ್ಕರೆ ಮಾತ್ರೆ ಎಂದಿನಂತೆ ನುಂಗಿಯೇ ಹೋಗಲಿ. ಬರಿಹೊಟ್ಟೆಯಲ್ಲಿ ಕೂತರೆ ಸಕ್ಕರೆ ಕುಸಿಯುತ್ತದೆ. ಆಮೇಲೆ ತುಟಿಯ ಜೋಮು ಬಿಡಲು ಮೂರು ನಾಲ್ಕು ಗಂಟೆ ಬೇಕು, ಅಲ್ಲಿಯವರೆಗೆ ಬಿಸಿ ಕಾಫಿ ಕೊಡಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಮಧ್ಯೆ ಹಸಿವಾದರೆ ಆರಿದ ರಾಗಿ ಗಂಜಿ ಕೊಡಿ, ಬಲಗಡೆಯಿಂದ.